ಮೈಕಿನಲ್ಲಿ ಕೂಗಿದ ತೂಕ

ಮಾನ್ಯ ಶಾಲಾ ಆರೋಗ್ಯಾಧಿಕಾರಿಗಳೇ,

ಮೂರನೇ ತರಗತಿಯಲ್ಲಿರುವ ನನ್ನ ಮಗಳ ತೂಕವನ್ನು ನೀವು ಮೈಕಿನಲ್ಲಿ ಕೂಗಿಸಿದ್ದೀರಿ. ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ, ಇಡೀ ಶಾಲೆ ಸಾಲಾಗಿ ನಿಂತಿದ್ದಾಗ, ಬೂಟು ಬಿಚ್ಚಿಸಿ, ಯಂತ್ರ ಹತ್ತಿಸಿ, ಅಂಕಿಯ ಜೊತೆಗೆ ‘ಸ್ಥೂಲಕಾಯ’ ಎಂಬ ಬಿರುದನ್ನೂ ಸೇರಿಸಿ! ಮನೆಯಲ್ಲಿ ಅವಳು ಮರಿ. ಅಂದಿನಿಂದ ಶಾಲೆಯಲ್ಲಿ ಲಾರಿ. ತೂಕದ ಮನುಷ್ಯರಾದ ತಾವು ಇಷ್ಟು ಹಗುರವಾಗಿ ನಡೆದುಕೊಳ್ಳಬಹುದೆ?

ಮಕ್ಕಳು ದಪ್ಪಗಾಗುತ್ತಿರುವುದು ನಿಜ, ಇಲಾಖೆಗೆ ಕಳವಳವಾದದ್ದೂ ನ್ಯಾಯವೇ. ಆದರೆ ಈ ಮಕ್ಕಳು ಓಡಬೇಕಾದರೂ ಎಲ್ಲಿ? ಮೈದಾನದ ಅರ್ಧಕ್ಕೆ ಹೊಸ ಕಟ್ಟಡ, ಉಳಿದರ್ಧಕ್ಕೆ ಶಾಲೆಯ ಬಸ್ಸುಗಳು. ಆಟದ ಪೀರಿಯಡ್ಡನ್ನು ನುಂಗಿ ಗಣಿತ ಮೈ ಬೆಳೆಸಿಕೊಂಡಿದೆ; ಅದನ್ನು ಯಾರೂ ತೂಗಿದಂತಿಲ್ಲ. ದೈಹಿಕ ಶಿಕ್ಷಣವನ್ನು ಕೈಬಿಟ್ಟು ದೈಹಿಕ ಶಿಕ್ಷೆಯನ್ನು ಮಾತ್ರ ಉಳಿಸಿಕೊಂಡ ಶಾಲೆ ಅದು. ಅದರ ಗೇಟಿಗೆ ಅಂಟಿಕೊಂಡಂತೆ ಬೇಕರಿ ತೆರೆಯಲು ಪರವಾನಗಿ ಕೊಟ್ಟವರು ಯಾರು? ಎಂಟು ವರ್ಷದ ಹುಡುಗಿಯೇ?

ಹೀಗೆಯೇ ಬರೆಯುತ್ತ ಹೋದರೆ ನನಗೂ ಹಿತ. ಆದರೆ ಆ ಬೇಕರಿಯ ನಿಯತ್ತಿನ ಗಿರಾಕಿ ನಾನೇ. ನನ್ನದು ಕನ್ನಡಕದ ಅಂಗಡಿ. ಶಾಲೆ ಬಿಡುವ ಹೊತ್ತಿಗೇ ಯಾರಾದರೂ ಬಂದು, ಕನ್ನಡಿಯ ಮುಂದೆ ಒಂದಾದ ಮೇಲೊಂದು ಫ್ರೇಮು ಏರಿಸುತ್ತ, “ಇದ್ರಲ್ಲಿ ವಯಸ್ಸಾದ ಹಾಗೆ ಕಾಣ್ತೀನಾ?” ಎಂದು ಕೇಳುತ್ತಾರೆ. ನಾನು ಏದುಸಿರು ಬಿಡುತ್ತ ಗೇಟು ಮುಟ್ಟುವಾಗ ಮಗಳೊಬ್ಬಳೇ ಬ್ಯಾಗಿನ ಮೇಲೆ ಕೂತಿರುತ್ತಾಳೆ. ಆ ಮುಖ ನೋಡಲಾಗದೆ ಒಂದು ಕ್ರೀಮ್ ಬನ್ನು. ನರ್ಸ್ ಆಗಿರುವ ನನ್ನ ಹೆಂಡತಿ ಭಾನುವಾರದ ಡ್ಯೂಟಿಗೆ ಪರಿಹಾರವಾಗಿ ಐಸ್‌ಕ್ರೀಮು ತರುತ್ತಾಳೆಂಬುದಾಗಲಿ, ನನ್ನಮ್ಮ ಬೈದ ತಪ್ಪಿಗೆ ಬಿಸ್ಕೆಟ್ಟು ಕೊಡುತ್ತಾಳೆಂಬುದಾಗಲಿ ನನಗೆ ಗೊತ್ತಿರಲಿಲ್ಲ. ನನ್ನ ಬನ್ನು ಅವರಿಗೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಕ್ಷಮೆಯನ್ನು ಕೇಳುವವರಿಲ್ಲ, ಎಲ್ಲರೂ ಅದನ್ನು ತಿನ್ನಿಸುವವರೇ.

ಗುಟ್ಟು ರಟ್ಟಾದದ್ದು ತೂಗಿದ ದಿನವೇ, ಮಗಳು ಊಟದ ತಟ್ಟೆ ದೂರ ಸರಿಸಿದಾಗ. ದಿನದ ಬನ್ನನ್ನು ಮೊದಲು ನಾನೇ ಒಪ್ಪಿಕೊಂಡೆ.

“ನಾನೇನು ದಿನಾ ಕೊಡಿಸ್ತೀನಾ? ವಾರಕ್ಕೊಂದು ಐಸ್‌ಕ್ರೀಮು,” ಎಂದಳು ಹೆಂಡತಿ.

“ನಾನೂ ಅಷ್ಟೇ, ಬೈದ್ಮೇಲೆ ಸಮಾಧಾನಕ್ಕೆ ಒಂದೆರಡು ಬಿಸ್ಕೆಟ್ಟು,” ಎಂದಳು ಅಮ್ಮ.

“ದಿನಾ ಬೈತೀರಾ ಅತ್ತೆ?”

“ಏನ್ ಮಾಡ್ಲಿ, ದಿನಾ ಊಟ ಬಿಡ್ತಾಳಲ್ಲ!”

ಬನ್ನು ತಿಂದದ್ದರಿಂದ ಊಟ ಬೇಡ, ಊಟ ಬಿಟ್ಟದ್ದಕ್ಕೆ ಬೈಗುಳ, ಬೈಗುಳಕ್ಕೆ ಬಿಸ್ಕೆಟ್ಟು. ಸ್ವಾಮಿ, ನಿಮ್ಮ ಇಲಾಖೆಯಲ್ಲೂ ಕಡತ ಇಷ್ಟು ಚುರುಕಾಗಿ ಕೈಯಿಂದ ಕೈಗೆ ಹೋಗುವುದಿಲ್ಲ.

“ಹೊಟ್ಟೆ ತುಂಬಿದ್ರೆ ಬೇಡ ಅನ್ನಬಾರದಾ ಮರಿ?” ಎಂದೆ.

“ಬೇಡ ಅಂದ್ರೆ ನೀನು ಮನೆ ತನಕ ಮುಖ ಸಪ್ಪೆ ಮಾಡ್ಕೊಂಡಿರ್ತೀಯಲ್ಲಪ್ಪ. ತಿಂದ್ರೆ ನಗ್ತೀಯ.”

ನಾವು ಮೂವರು ದೊಡ್ಡವರ ತಪ್ಪಿನ ಭಾರವನ್ನು ಆ ಪುಟ್ಟ ಮೈ ಹೊತ್ತಿತ್ತು. ನೀವು ಮೈಕಿನಲ್ಲಿ ಕೂಗಿಸಿದ್ದು ಅದನ್ನೇ.

ಈಗ ಬನ್ನು ನಿಂತಿದೆ. ಆದರೆ ಅವಳ ಊಟವೂ ನಿಂತಿದೆ. ಡಬ್ಬಿ ಹೋದ ಹಾಗೇ ವಾಪಸು ಬರುತ್ತದೆ. ನೀರು ಕುಡಿಯಲೂ ಯೋಚಿಸುತ್ತಾಳೆ. “ಕುಡಿದ್ರೆ ಸೋಮವಾರ ಗೊತ್ತಾಗುತ್ತೆ,” ಎನ್ನುತ್ತಾಳೆ. ಸೋಮವಾರ ನಿಮ್ಮ ಯಂತ್ರ ಮತ್ತೆ ಬರಲಿದೆಯಂತೆ. ಮಗುವಿಗೆ ಅನ್ನವನ್ನು ಕಂಡರೆ ಭಯ ಹುಟ್ಟಿಸುವುದು ಯಾವ ಆರೋಗ್ಯದ ಲಕ್ಷಣ?

ಆದ್ದರಿಂದ ನನ್ನ ಬೇಡಿಕೆ: ಮಕ್ಕಳನ್ನು ಬಾಗಿಲು ಹಾಕಿದ ಕೋಣೆಯಲ್ಲಿ ತೂಗಿಸಿ, ಅಂಕಿಯನ್ನು ಹೆತ್ತವರ ಕಿವಿಗೆ ಮಾತ್ರ ಹೇಳಿಸಿ. ಬಸ್ಸುಗಳನ್ನು ಆಚೆ ಕಳಿಸಿ ಮೈದಾನ ಬಿಡಿಸಿಕೊಡಿ, ಆಟದ ಪೀರಿಯಡ್ಡನ್ನು ಗಣಿತದ ಹೊಟ್ಟೆಯಿಂದ ಹೊರತೆಗೆಯಿಸಿ. ಇದು ಸೋಮವಾರದೊಳಗೆ ಆಗದಿದ್ದರೆ, ಆ ಯಂತ್ರವನ್ನು ಮೊದಲು ನಾವು ಮೂವರು ಹತ್ತುತ್ತೇವೆ. ನಮ್ಮ ತೂಕವನ್ನು ಗಟ್ಟಿಯಾಗಿ ಕೂಗಿಸಿ. ನಗುವವರೆಲ್ಲ ನಕ್ಕು ಸುಸ್ತಾದ ಮೇಲೆ ಅವಳನ್ನು ಕರೆಯಿರಿ.

ಇಂತಿ,
ಊರವರ ಕಣ್ಣು ಪರೀಕ್ಷಿಸುತ್ತ ಮಗಳನ್ನು ನೋಡದೆ ಹೋದ ಅಪ್ಪ