ಅಮ್ಮನ ದನಿಯ ವೇಗ

ದಾದಾ, ನನ್ನ ಅಣ್ಣಾ,

ಇವತ್ತು ಹೊಸ ರೆಕಾರ್ಡ್ ಪ್ಲೇಯರ್ ಕೊಂಡೆ. ಹೊಸದೆಂದರೆ ನನಗೆ ಹೊಸದು. ಫ್ರೀ ಸ್ಕೂಲ್ ಸ್ಟ್ರೀಟಿನ ನಿಯಾಮತ್ ಭಾಯಿಯ ಹಳೇ ರೆಕಾರ್ಡ್ ಅಂಗಡಿಯದು. ಹದಿನೈದು ಸಾವಿರದೊಳಗೆ ಎರಡೇ ಇದ್ದವು.

“ಹೊಳೆಯೋದು ಬೇಕೋ, ಸರಿಯಾಗಿ ತಿರುಗೋದು ಬೇಕೋ, ದಿದಿ?” ಎಂದರು.

ಕೇಳಿ ನೋಡಲೆಂದು ಅಮ್ಮ ಹಾಡಿದ ಆ ಒಂದೇ ರೆಕಾರ್ಡನ್ನು ಒಯ್ದಿದ್ದೆ. ಎರಡರಲ್ಲಿ ಮಾಸಲು ಬಣ್ಣದ್ದರ ಮೇಲೆ ಹಾಕಿದಾಗ ಬೇರೆ ಯಾರೋ ಹಾಡಿದಂತಾಯಿತು. ದನಿ ತಗ್ಗಿತ್ತು, ತುಂಬಿಕೊಂಡಿತ್ತು, ಅದರಲ್ಲಿ ಅವಸರವೇ ಇರಲಿಲ್ಲ.

“ಇದು ನಿಧಾನ ಓಡ್ತಿದೆ,” ಎಂದೆ.

ಅವರು ವೇಗ ಅಳೆದು ತೋರಿಸಿದರು. “ಇದು ಸರಿಯಾಗೇ ಇದೆ. ನಿಮ್ಮನೇ ಹಳೇ ಪ್ಲೇಯರೇ ಇಷ್ಟು ವರ್ಷ ಜೋರಾಗಿ ಓಡಿದೆ, ಅದಕ್ಕೇ ದನಿ ಕೀರಲಾಗಿ ಕೇಳಿದೆ.”

ಅಮ್ಮ ತೀರಿಕೊಂಡಾಗ ನನಗೆ ಎರಡು ವರ್ಷ, ನಿನಗೆ ಹನ್ನೆರಡು. ಮನೆಯಲ್ಲಿ ಈ ರೆಕಾರ್ಡ್ ಕೇಳಿ “ಅಮ್ಮನ ದನಿ ಇಷ್ಟು ಕೀರಲು ಇರಲಿಲ್ಲ ಕಣೇ,” ಎಂದು ನೀನು ಹೇಳಿದ ದಿನ, ನಿನಗೆ ಅವಳ ನೆನಪೇ ಇಲ್ಲವೆಂದು ಎಲ್ಲರೆದುರು ಅಂದುಬಿಟ್ಟೆ. ಆಮೇಲೆ ನಿನ್ನ ಮನೆಗೆ ಬಂದದ್ದು ಹನ್ನೊಂದು ವರ್ಷ ಕಳೆದ ಮೇಲೆ, ನಿನ್ನ ಶ್ರಾದ್ಧಕ್ಕೆ.

ಇನ್ನೊಮ್ಮೆ ಹಾಕಿಸಿ ಕೇಳಿದೆ. “ನಮ್ಮ ದಾದಾ ಮೊದಲೇ ಹೇಳಿದ್ದ,” ಎಂದೆ.

“ಅವರನ್ನೂ ಕರ್ಕೊಂಡು ಬರ್ಬೇಕಿತ್ತು, ದಿದಿ,” ಎಂದರು ನಿಯಾಮತ್ ಭಾಯಿ, ಪೆಟ್ಟಿಗೆಗೆ ಹಗ್ಗ ಕಟ್ಟುತ್ತಾ.

“ಹೌದು, ಕರೀಬೇಕಿತ್ತು,” ಎಂದೆ.