ಬಟವಾಡಿ ಹೋಟೆಲಿನಲ್ಲಿ ಹೆಣ್ಣು ನೋಡಿದ್ದು

ಗುಬ್ಬಿ
ಮಂಗಳವಾರ, 18 ನವೆಂಬರ್ 2025

ಪ್ರೀತಿಯ ರವಿಯಣ್ಣಾ,

ಹೇಗಿದ್ದೀಯ? ಗಡಿಯ ಚಳಿಗೆ ನಿನ್ನ ಹಿಮ್ಮಡಿ ಮತ್ತೆ ಬಿರುಕು ಬಿಟ್ಟಿರಬೇಕು. ಅಮ್ಮ ಕೊಟ್ಟ ಕೊಬ್ಬರಿ ಎಣ್ಣೆ ಹಚ್ಚಿಕೋ, ಸೋಮಾರಿತನ ಮಾಡಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲೇ ಹೇಳೋಣವೆಂದರೆ ಅಪ್ಪ ಪಕ್ಕದಲ್ಲಿ ಕೂತು ಸ್ಪೀಕರ್ ಹಾಕಿಸುತ್ತಾರೆ. ಅದಕ್ಕೇ ಈ ಪತ್ರ.

ಭಾನುವಾರ ಕುಣಿಗಲ್ಲಿನವರು ನನ್ನನ್ನು ನೋಡಲು ಬಂದಿದ್ದರು. ಮನೆಗಲ್ಲ, ತುಮಕೂರಿನ ಬಟವಾಡಿಯ ಒಂದು ಹೋಟೆಲಿಗೆ. ಎರಡೂ ಊರಿಗೆ ನಡುವೆ ಆಗುತ್ತದೆ ಎಂದು ಅವರೇ ಹೇಳಿದ್ದು. ನಾವು ಮೂವರು, ಅವರು ಇಪ್ಪತ್ತು ಜನ! ಹುಡುಗನ ಹೆಸರು ನಾಗಭೂಷಣ್, ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಒಪ್ಪಿಗೆಯಾಗುವ ಮುಂಚೆ ಗಂಡಿನವರು ಹೆಣ್ಣಿನ ಕಡೆಯ ಊಟ ಮಾಡುವುದಿಲ್ಲ, ಉಪ್ಪಿಟ್ಟು ಕಾಫಿಗೇ ಎದ್ದುಬಿಡುತ್ತಾರೆ, ನಿನಗೂ ಗೊತ್ತಲ್ಲ. ಇವರೋ, ಕುರ್ಚಿ ಎಳೆದುಕೊಂಡವರೇ ಗೋಬಿ, ಪನ್ನೀರು, ರೊಟ್ಟಿ ಎಂದು ಕೂಗಾಡಿದರು. ಅಪ್ಪನ ಮುಖ ಅರಳಿತು. "ಊಟಕ್ಕೆ ಕೂತವ್ರೆ ಅಂದ್ರೆ ಒಪ್ಕೊಂಡಂಗೇ ಕಣೇ, ಇನ್ನೇನು ಬುಡು" ಎಂದು ಅಮ್ಮನ ಕಿವಿಯಲ್ಲಿ ಹೇಳಿದರು.

ಥೂ, ಆ ಊಟದ ಚೆಂದ ಕೇಳು ಅಣ್ಣಾ. ಹುಡುಗನ ಸೋದರತ್ತೆ ಮಡಿಲಲ್ಲಿದ್ದ ಮಗುವಿನ ಸಿಂಬಳವನ್ನು ಟೇಬಲ್ ಬಟ್ಟೆಗೆ ಒರೆಸಿದರು. ಅವನ ಚಿಕ್ಕಪ್ಪ ರೊಟ್ಟಿ ಕಚ್ಚಿ ನೋಡಿ, ಗಟ್ಟಿ ಎಂದು ಮತ್ತೆ ಎಲ್ಲರೂ ತೆಗೆದುಕೊಳ್ಳುವ ಬುಟ್ಟಿಗೇ ಹಾಕಿದರು. ಎಂಜಲು ಮುಸುರೆ ಅನ್ನುವುದೇ ಇಲ್ಲ! ಇನ್ನು ಈ ನಾಗಭೂಷಣ್, ಚಿಟಿಕೆ ಹೊಡೆದು "ಏಯ್, ಬಾರ್ಲಾ ಇಲ್ಲಿ" ಎಂದು ಸಪ್ಲೈಯರ್‌ನನ್ನು ಕರೆದ. ಅವರಿಗೆ ಅಪ್ಪನಷ್ಟೇ ವಯಸ್ಸು. ಮೊಸರು ತರುವುದು ತಡವಾಯಿತೆಂದು, ಅರ್ಧ ಪಲಾವ್ ಉಳಿದಿದ್ದ ತಟ್ಟೆಯಲ್ಲೇ ಬಾಯಿ ಮುಕ್ಕಳಿಸಿ ಉಗಿದು, "ತಗೊಂಡೋಗಿ ನೀನೇ ತಿನ್ನು" ಎಂದ. ಅವರ ಕಡೆಯವರೆಲ್ಲ ಗೊಳ್ಳೆಂದು ನಕ್ಕರು. ಆ ಮನುಷ್ಯ ತಟ್ಟೆ ಎತ್ತಿಕೊಂಡು ಹೋದರು.

ಅದಕ್ಕಿಂತ ಹೇಸಿಗೆಯಾದದ್ದು ಏನು ಗೊತ್ತಾ? ಅಪ್ಪನೂ ನಕ್ಕರು. ಸಂಬಂಧ ಎಲ್ಲಿ ತಪ್ಪಿಹೋಗುತ್ತದೋ ಎಂಬ ಭಯಕ್ಕೆ ಹಲ್ಲು ಕಿರಿದು ನಕ್ಕರು. ನಮ್ಮ ಅಪ್ಪನನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ. ಈ ಮದುವೆಯಾದರೆ ಅವರು ಬದುಕಿರುವ ತನಕ ಆ ಜನರ ಮುಂದೆ ಹಾಗೇ ನಗುತ್ತಿರಬೇಕು.

ಮನೆಯಲ್ಲಿ ಈಗ ನಿಶ್ಚಿತಾರ್ಥದ ಮಾತು. ನನ್ನನ್ನು ಯಾರೂ ಕೇಳಿಲ್ಲ. ಅಮ್ಮ "ಗಂಡಸ್ರಿಗೆ ಕೋಪ ಇರ್ತದೆ ಕಣೇ, ಮದ್ವೆ ಆದ್ಮೇಲೆ ಸರಿಹೋಗ್ತಾನೆ ಬುಡು" ಎನ್ನುತ್ತಾಳೆ. ನಾಯಿ ಬಾಲಕ್ಕೆ ದಬ್ಬೆ ಕಟ್ಟಿದರೆ ನೆಟ್ಟಗಾಗುತ್ತದಾ?

ಅಮ್ಮ ನಿನಗೆಂದು ಮಾಡಿದ ಹುರಿಹಿಟ್ಟಿನ ಪಾರ್ಸೆಲ್ಲಿನೊಳಗೇ ಇದನ್ನು ಇಡುತ್ತಿದ್ದೇನೆ. ಎಲ್ಲರ ಹಾರೈಕೆಯೂ ಅದರೊಳಗಿದೆ. ಜೋಪಾನವಾಗಿರು.

ನಿನ್ನ ತಂಗಿ,
ನೇತ್ರಾ

ವಿ.ಸೂ.: ಪಾರ್ಸೆಲ್ ಕೊಟ್ಟು, ಪೋಸ್ಟ್ ಆಫೀಸಿನ ಮೆಟ್ಟಿಲಿಂದಲೇ ನಾಗಭೂಷಣ್‌ಗೆ ಫೋನ್ ಮಾಡಿ ಬೇಡ ಎನ್ನುತ್ತೇನೆ. ಇದು ನಿನ್ನ ಕೈ ಸೇರುವ ಹೊತ್ತಿಗೆ ಅಪ್ಪ ಕೂಗಾಡಿ ಮುಗಿಸಿ, ನನ್ನ ಜೊತೆ ಮಾತು ಬಿಟ್ಟಿರುತ್ತಾರೆ. ಅಪ್ಪನಿಗೆ ಫೋನ್ ಮಾಡಿ ನನ್ನ ಪರವಾಗಿ ನಾಲ್ಕು ಮಾತಾಡು. ತಟ್ಟೆಗೆ ಉಗಿದದ್ದನ್ನೂ ಹೇಳು. ಆದರೆ ಅಪ್ಪ ನಕ್ಕಿದ್ದು ನಿನಗೆ ಗೊತ್ತು ಅಂತ ಮಾತ್ರ ತೋರಿಸಿಕೊಳ್ಳಬೇಡ.