ಕೆರೆ ಕುಡಿದವನು

ಗುರುವಾರ, ಹದಿನೇಳನೇ ತಾರೀಕು
ಮಧ್ಯಾಹ್ನ

ನನ್ನ ಗುಂಡಣ್ಣನಿಗೆ,

ಅಕ್ಕನ ಆಶೀರ್ವಾದ. ಕಾಗದ ಬರೆಯೋದಕ್ಕೆ ಇಷ್ಟು ತಿಂಗಳು ಹಿಡಿಯಿತು, ಬೈಕೋಬೇಡ. ನಿನ್ನ ಮೆಸೇಜುಗಳೆಲ್ಲ ಬಂದಿವೆ. "ಹೇಗಿದೀಯ ಅಕ್ಕ" ಅಂತ ನೀನು ಕೇಳೋದು, "ಚೆನ್ನಾಗಿದೀನಿ" ಅಂತ ನಾನು ಒತ್ತೋದು, ಸ್ಕೂಲಲ್ಲಿ ಹಾಜರಿ ಕೂಗಿದ ಹಾಗಾಗಿದೆ. ಅದಕ್ಕೇ ಕಾಗದ. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ಎಡಗೈಯನ್ನ ಡಯಾಲಿಸಿಸ್ ಮೆಷಿನ್ನಿಗೆ ಒಪ್ಪಿಸಿ, ತೊಡೆ ಮೇಲೆ ರಟ್ಟಿಟ್ಟುಕೊಂಡು ಬರೀತಿದೀನಿ.

ಅಮ್ಮ ಗಟ್ಟಿಯಾಗಿದಾಳೆ. ಮಂಡಿ ನೋವು ಅಂತ ನರಳ್ತಾಳೆ, ಆದರೆ ಮೇಲಿನ ಮನೆಯವರು ಜಗಳ ಶುರುಮಾಡಿದರೆ ಕೇಳೋದಕ್ಕೆ ಅರ್ಧ ಮೆಟ್ಟಿಲು ಹತ್ತಿರ್ತಾಳೆ. ನನ್ನ ಕೆಲಸವೂ ನಡೀತಿದೆ, ನೀರು ಸರಬರಾಜು ಆಫೀಸಿನಲ್ಲಿ ಅದೇ ದೂರು ಕೇಳೋ ಫೋನು. "ಎರಡು ದಿನದಿಂದ ಒಂದು ಹನಿ ಇಲ್ಲ ಕಣ್ರೀ" ಅಂತ ಊರೆಲ್ಲ ನನ್ನ ಕಿವಿಗೇ ಕೂಗುತ್ತೆ. ಊರಿಗೆಲ್ಲ ನೀರು ಬಿಡಿಸೋ ನನಗೆ ಡಾಕ್ಟರು ಬರೆದುಕೊಟ್ಟಿರೋದು ದಿನಕ್ಕೆ ಮೂರೇ ಲೋಟ, ಅದೂ ಕಾಫಿ, ಮಾತ್ರೆ ನುಂಗೋ ನೀರು ಎಲ್ಲ ಸೇರಿ.

ಈಗ ನಿಜವಾದ ಸುದ್ದಿ. ನಿನಗೆ ಹೇಳದಿದ್ದರೆ ನನಗೆ ಹೊಟ್ಟೆಯುಬ್ಬರ. ನಲವತ್ತಾರನೇ ವಯಸ್ಸಿಗೆ ನಾನೊಂದು ಆಟ ಕಲಿತಿದೀನಿ ಕಣೋ!

ಇಲ್ಲಿ ನನ್ನ ಬಲಕ್ಕೆ ಒಬ್ಬರು ರಿಟೈರಾದ ಹೆಡ್ ಮೇಡಂ ಇದಾರೆ. ಎಡಕ್ಕೆ ಒಬ್ಬ ವೆಲ್ಡರ್, ಬಾಗಿಲಗಲ ಬೆನ್ನಿನ ಆಸಾಮಿ. ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ, ಮೂವರೂ ಚಾವಣಿ ನೋಡ್ತಾ ಮಲಗಿರ್ತಿದ್ವಿ. ಒಂದು ದಿನ ಮೇಡಂ ಚೀಲದಿಂದ ನೋಟ್‌ಬುಕ್ಕು ತೆಗೆದು, "ಈ ಸೂರು ನೋಡಿ ನೋಡಿ ನನಗೆ ಸಾಕಾಗಿದೆ, ಬನ್ನಿ ಆಡೋಣ" ಅಂದರು. ಮೊಮ್ಮಗಳು ಹೇಳಿಕೊಟ್ಟ ಆಟವಂತೆ. ಮೇಡಂ ಕತೆ ಕಟ್ಟುತ್ತಾರೆ, ನಾವು ಅದರೊಳಗಿನ ಪಾತ್ರ. "ಮುಂದೆ ಬೆಟ್ಟ ಇದೆ, ಏನು ಮಾಡ್ತೀರಿ?" ಅಂತ ಕೇಳ್ತಾರೆ, ನಾವು ಮಾಡೋದನ್ನ ಬಾಯಲ್ಲಿ ಹೇಳಬೇಕು. ಆಗುತ್ತೋ ಇಲ್ಲವೋ ಅನುಮಾನ ಬಂದರೆ ಇಪ್ಪತ್ತು ಮುಖದ ದಾಳ ಎಸೆಯಬೇಕು, ಹೆಚ್ಚು ಬಿದ್ದರೆ ಗೆದ್ದ ಹಾಗೆ. ಸಿಸ್ಟರ್ ಒಂದು ಸ್ಟೀಲ್ ಟ್ರೇ ಕೊಟ್ಟಿದಾರೆ, ದಾಳ ಅದರಲ್ಲಿ ಠಣ್ ಅಂತ ಬೀಳುತ್ತೆ.

ಮೊದಲ ದಿನ ಮೇಡಂ, "ನಿನಗೇನು ಶಕ್ತಿ ಬೇಕಮ್ಮಾ? ಏನು ಬೇಕಾದರೂ ಕೇಳು" ಅಂದರು. ನಾನು, "ಯಾರ ಕಣ್ಣಿಗೂ ಬೀಳದ ಹಾಗೆ ಓಡಾಡೋ ಶಕ್ತಿ ಸಾಕು ಮೇಡಂ" ಅಂದೆ.

"ಪುಕ್ಕಟೆ ಸಿಗೋವಾಗಲೂ ಜಿಪುಣತನವೇ? ಇನ್ನೊಂದು ಸಲ ಯೋಚಿಸು."

ಯೋಚಿಸಿದೆ. ನನ್ನ ಎಡಗೈ ನಿನಗೆ ಗೊತ್ತಲ್ಲ, ಡಯಾಲಿಸಿಸ್ ಸೂಜಿಗೆ ಅಂತ ರಕ್ತನಾಳ ಜೋಡಿಸಿದ ಕೈ. ಭಾರ ಎತ್ತಬಾರದು, ವಾಚ್ ಕಟ್ಟಬಾರದು, ಆ ಕಡೆ ಮಗ್ಗುಲಾಗಬಾರದು. ಮೂರು ವರ್ಷದಿಂದ ಅದನ್ನ ಪಕ್ಕದ ಮನೆಯವರ ಹಸುಗೂಸು ಹೊತ್ತ ಹಾಗೆ ಹೊತ್ತಿದೀನಿ. ಬಾಯಿ ತಾನಾಗಿ ಹೇಳಿತು: "ಎರಡು ಮಾಳಿಗೆ ಎತ್ತರದ ಹೆಂಗಸಾಗಬೇಕು. ಎಡಗೈಲಿ ಕೋಟೆ ಬಾಗಿಲು ಕೀಳಬೇಕು."

"ಹಾಗೆ ಹೇಳು!" ಅಂದರು ಮೇಡಂ, ಬರಕೊಂಡರು.

ಆಮೇಲೆ ಮೂರು ವಾರ ಬರೀ ಹೊಡೆದಾಟ. ನಾನು ಬಾಗಿಲು ಕಿತ್ತೆ, ಬಂಡೆ ಬೀಸಿದೆ, ರಕ್ಕಸರ ಸೊಂಟ ಮುರಿದೆ. ಅದರ ಸುಖ ಹೇಗೆ ಹೇಳಲಿ? ಇರುವೆ ಸಾಲನ್ನೂ ತುಳಿಯದೆ ದಾಟಿ ಹೋಗೋಳು ನಾನು, ಮನೆಗೆ ಬಂದು ಕನ್ನಡಿ ಮುಂದೆ ನಾಚಿಕೊಂಡೆ. ಆದರೆ ಆಫೀಸಿನ ಫೋನಲ್ಲಿ ಯಾರಾದರೂ ಏಕವಚನದಲ್ಲಿ ರೇಗಿದರೆ ಈಗ ನನ್ನ ಎದೆ ಹೊಡೆದುಕೊಳ್ಳಲ್ಲ. ಎರಡು ಮಾಳಿಗೆ ಮೇಲಿಂದ ಕೇಳಿಸಿಕೊಂಡ ಹಾಗಿರುತ್ತೆ.

ವೆಲ್ಡರ್ ಮಾತ್ರ ತನ್ನ ಶಕ್ತಿ ಏನು ಅಂತ ಹೇಳಿರಲಿಲ್ಲ. "ಬೇಕಾದಾಗ ಕೇಳ್ತೀನಿ ಮೇಡಂ, ಸಾಲ ಇಟ್ಕೊಳ್ಳಿ" ಅಂತಿದ್ದ. ಅವನ ಪಾತ್ರ ಒಂದು ಮೂಕ ರಾಕ್ಷಸ, ನಮ್ಮ ಹಿಂದೆ ಗಂಟುಮೂಟೆ ಹೊತ್ತು ಬರೋದು.

ಹೋದ ತಿಂಗಳು ಒಂದು ಶನಿವಾರ ಅವನ ತೂಕ ನೋಡಿದ ಸಿಸ್ಟರ್ ಬೆಚ್ಚಿಬಿದ್ದರು. ಎರಡು ದಿನದಲ್ಲಿ ನಾಲ್ಕು ಕಿಲೋ ಏರಿದ್ದ, ಅಷ್ಟೂ ನೀರೇ. "ಶ್ವಾಸಕೋಶಕ್ಕೆ ತುಂಬಿದರೆ ಸಾಯ್ತೀರಿ, ಗೊತ್ತಾ?" ಅಂದರು. ಅವನು ತಲೆ ತಗ್ಗಿಸಿ, "ಬೆಂಕಿ ಮುಂದೆ ಕೆಲಸ ಸಿಸ್ಟರ್. ಬಚ್ಚಲ ನಲ್ಲಿಗೆ ಬಾಯಿಟ್ಟೆ. ನನ್ನ ಮಗಳು ನೋಡಿಬಿಟ್ಟಳು" ಅಂದ.

ಆ ಮಂಗಳವಾರ ಅವನು ಬರಲಿಲ್ಲ. ಗುರುವಾರ ಹೆಂಡತಿ ಫೋನ್ ಮಾಡಿದರು: ಸಾಕು ಅಂತ ಗೋಡೆ ಕಡೆ ತಿರುಗಿ ಮಲಗಿದಾನೆ, ಏಳ್ತಿಲ್ಲ. ಸಿಸ್ಟರ್ ಗದರಿದರು, ಡಾಕ್ಟರು ಪೂಸಿ ಹೊಡೆದರು, ಜಗ್ಗಲಿಲ್ಲ. ಆಗ ಮೇಡಂ ಕೈ ಚಾಚಿ ಫೋನು ಇಸಕೊಂಡರು. ಸಮಾಧಾನದ ಒಂದು ಮಾತೂ ಆಡಲಿಲ್ಲ ಕಣೋ. ಪಾಠ ಒಪ್ಪಿಸಿದ ಹಾಗೆ, "ನೋಡಪ್ಪಾ, ಕತೆ ಒಂದು ಕೆರೆ ಹತ್ತಿರ ಬಂದು ನಿಂತಿದೆ. ಆ ಕಡೆ ದಡ ಕಾಣಲ್ಲ. ತಳದಲ್ಲಿ ಒಂದು ಊರು ಮುಳುಗಿದೆ, ಜನ ಬಾಗಿಲು ಹಾಕ್ಕೊಂಡು ಉಸಿರು ಹಿಡಿದು ಕೂತಿದಾರೆ. ಇವಳ ಕೈಲಿ ಆಗೋ ಕೆಲಸ ಅಲ್ಲ ಇದು. ನಿನ್ನ ರಾಕ್ಷಸ ದಂಡೆ ಮೇಲೆ ನಿಂತಿದಾನೆ" ಅಂದರು. ಮೇಡಂ ಫೋನಿಟ್ಟರು.

ಒಂದೂವರೆ ಗಂಟೆಗೆ ಬಂದ. ಹೆಂಡತಿ ಒಂದು ತೋಳು, ಆಟೋದವನು ಒಂದು ತೋಳು. ಮುಖ ಊದಿತ್ತು, ಮಾತಿಗೊಮ್ಮೆ ಏದುಸಿರು. ಮೆಷಿನ್ ಹಾಕಿ ಗಂಟೆಯಾದ ಮೇಲೆ ಕಣ್ಣು ಬಿಟ್ಟು, "ಮೇಡಂ, ನನ್ನ ಶಕ್ತಿ ಈಗ ಕೇಳ್ತೀನಿ. ನಾನು ಆ ಕೆರೆ ಕುಡೀತೀನಿ" ಅಂದ.

ನಾನು ದಾಳ ಎತ್ತಿಕೊಡೋಕೆ ಹೋದೆ. ಮೇಡಂ ನನ್ನ ಕೈ ತಡೆದರು. "ಇದಕ್ಕೆ ದಾಳ ಬೇಕಾಗಿಲ್ಲ. ಕುಡಿ."

ಗುಂಡಣ್ಣ, ನಾನು ಆ ಅರ್ಧ ಗಂಟೆಯನ್ನ ಸಾಯೋ ತನಕ ಮರೆಯಲ್ಲ. ಅವನು ಮಲಗಿದಲ್ಲೇ ಕತೆಯೊಳಗೆ ಮಂಡಿಯೂರಿದ. ಮೊದಲು ಅಂಗೈ ಅದ್ದಿದೆ ಅಂದ. ಮುಖ ಇಳಿಸಿದೆ ಅಂದ. ಮೇಲಿನ ನೀರು ಬಿಸಿಲಿಗೆ ಬೆಚ್ಚಗೆ, ಅದರ ಕೆಳಗೆ ಹಲ್ಲು ಜುಂ ಅನ್ನೋ ತಂಪು, ಗಂಟಲಿಂದ ಇಳಿದು ಎದೆಯೆಲ್ಲ ಹರಡೋದು, ಒಂದೊಂದು ಗುಟುಕೂ ಹೇಳಿದ. ಮೀನುಗಳನ್ನ ಪಕ್ಕಕ್ಕೆ ಸರಿಸಿದ. ಉಸಿರಿಗೆ ನಿಲ್ಲಿಸಿ, ಬಾಯಿ ಒರೆಸಿಕೊಂಡು, ಮತ್ತೆ ಬಗ್ಗಿದ. ವಾರ್ಡಿನ ಹನ್ನೊಂದು ಜನವೂ ಅವನ ಕಡೆ ತಿರುಗಿದ್ದರು. ನಮಗೆಲ್ಲ ಅದೇ ಬಾಯಾರಿಕೆ ತಾನೇ? ಕಿಟಕಿ ಪಕ್ಕದ ಮುದುಕರು ಅವನ ಜೊತೆಜೊತೆಗೇ ಗುಟುಕರಿಸ್ತಿದ್ದರು. ಸಿಸ್ಟರ್ ಕೈಲಿ ಬಿಪಿ ಪಟ್ಟಿ ಹಿಡಿದು ಹಾಗೇ ನಿಂತುಬಿಟ್ಟಿದ್ದರು.

ಕೊನೆಗೆ, "ಊರಿನ ಹೆಂಚು ಕಾಣ್ತಿದೆ ಮೇಡಂ" ಅಂದ.

ಮೇಡಂ ಹೇಳಿದರು: "ಒಂದು ಬಾಗಿಲು ತೆಗೀತು. ಒಂದು ಹುಡುಗಿ ಹೊರಗೆ ಬಂದು ನಿನ್ನ ಮುಖ ನೋಡ್ತಿದಾಳೆ."

ಆ ಆಸಾಮಿ ಬಿಕ್ಕಿ ಬಿಕ್ಕಿ ಅತ್ತ. ಹೆಂಡತಿ ಬಾಗಿಲಲ್ಲೇ ಸೆರಗು ಬಾಯಿಗಿಟ್ಟುಕೊಂಡಿದ್ದರು.

ಪವಾಡ ಆಯ್ತು ಅಂದ್ಕೋಬೇಡ. ಮುಂದಿನ ಸಲವೂ ಅವನು ಎರಡೂವರೆ ಕಿಲೋ ಜಾಸ್ತಿಯೇ ಇದ್ದ, ಬೈಸಿಕೊಂಡ. ಆದರೆ ಅಲ್ಲಿಂದೀಚೆಗೆ ಒಂದು ದಿನವೂ ತಪ್ಪಿಸಿಲ್ಲ. ಇಲ್ಲದ ಕೆರೆಯ ಒಂದು ಹನಿಯೂ ಅವನ ಗಂಟಲಿಗೆ ಇಳಿಯಲಿಲ್ಲ. ಮತ್ತೆ ನಾನು ಕಣ್ಣಾರೆ ಕಂಡದ್ದು ಏನು? ನನಗೆ ಇನ್ನೂ ಗೊತ್ತಾಗಿಲ್ಲ.

ಮೆಷಿನ್ ಕೂಗ್ತಿದೆ, ಸೂಜಿ ತೆಗೆಯೋಕೆ ಬರ್ತಾರೆ. ನೂರು ಕಾಲ ಸುಖವಾಗಿರು, ಹೊತ್ತುಹೊತ್ತಿಗೆ ತಿನ್ನು.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದೇನಲ್ಲ, ನಾಲ್ಕು ಸಲ ಬರೆದು ಹೊಡೆದು ಹಾಕಿದ್ದು. ಹಳೇ ಆಸ್ಪತ್ರೆ ಬಿಟ್ಟು ಇಲ್ಲಿಗೆ ಬರುವಾಗ ನನ್ನ ಫೈಲನ್ನ ನನ್ನ ಕೈಗೇ ಕೊಟ್ಟರು. ಬಸ್ಸಿನಲ್ಲಿ ತಿರುವಿ ಹಾಕಿದೆ. ನಿನ್ನ ರಿಪೋರ್ಟೂ ಅದರಲ್ಲಿತ್ತು. ನಿನ್ನ ಕಿಡ್ನಿ ನನಗೆ ಹೊಂದುತ್ತೆ ಅಂತಲೇ ಇತ್ತು. "ಹೊಂದಲಿಲ್ಲ ಅಕ್ಕ" ಅಂತ ಫೋನಲ್ಲಿ ಅತ್ತಿದ್ದೆಯಲ್ಲ, ಆ ಅಳು ಸುಳ್ಳಲ್ಲ ಅಂತ ನನಗೆ ಗೊತ್ತು. ಮೊದಲು ನಿನ್ನ ಮೇಲೆ ಬೆಂಕಿಯಂಥ ಕೋಪ ಬಂತು, ಮುಚ್ಚಿಡಲ್ಲ. ಈಗ ಇಲ್ಲ. ನೀನು ಹೆದರಿದೆ, ಅಷ್ಟೇ. ಅಮ್ಮನಿಗೆ ಹೇಳಿಲ್ಲ, ಹೇಳೋದೂ ಇಲ್ಲ. ಕೊಡು ಅಂತ ಕೇಳೋಕೆ ಬರೀತಿಲ್ಲ, ಕೊಡ್ತೀನಿ ಅಂದರೂ ಬೇಡ. ಹದಿನಾಲ್ಕು ತಿಂಗಳಾಯ್ತು ಕಣೋ ನಿನ್ನ ಮುಖ ನೋಡಿ. ಭಾನುವಾರ ಮೂರು ಗಂಟೆಗೆ ಅಮ್ಮ ಮಲಗಿರ್ತಾಳೆ, ಆಗ ಬಾ. ಆ ವಿಷಯ ನಾನು ಎತ್ತಲ್ಲ, ನೀನೂ ಎತ್ತಬೇಡ. ಸುಮ್ಮನೆ ಬಂದು ಎದುರಿಗೆ ಕೂತ್ಕೋ.